ಬಾಗಿಲು ಹಾಕಿದ ಕಲಾ ಸಂಗ್ರಹಾಲಯ ಮತ್ತು ಅದರ ಊರು: ಪದೇ ಪದೇ ಕೇಳುವ ಪ್ರಶ್ನೆಗಳು

ಕೋಲಾರ, ಮಾಲೂರು, ಬಂಗಾರಪೇಟೆ, ಮುಳಬಾಗಿಲು ಕಡೆಯ ಶಾಲೆಗಳಿಗೆ ಚಿತ್ರಗಳ ಪ್ರತಿಗಳನ್ನು ಹೊತ್ತುಕೊಂಡು ತಿರುಗುವಾಗ, ಸಂಜೆಯ ಸಭೆಗಳಲ್ಲಿ ಮತ್ತು ಓದುಗರ ಪತ್ರಗಳಲ್ಲಿ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಕೂಡಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಉತ್ತರಗಳು ನನ್ನವು, ಅವುಗಳಲ್ಲಿರುವ ಹಟವೂ ನನ್ನದೇ.

## ಮೊದಲ ಪ್ರಶ್ನೆಗಳು

"ಬಾಗಿಲೇ ಹಾಕಿದ ಮೇಲೆ ಇನ್ನೇನು ಸಂಬಂಧ ಸ್ವಾಮಿ?"

ಇದಕ್ಕೆ ಉತ್ತರ ನಮ್ಮ ದೇವಸ್ಥಾನಗಳಲ್ಲೇ ಇದೆ. ಗರ್ಭಗುಡಿ ಸೋರತೊಡಗಿ ಜೀರ್ಣೋದ್ಧಾರಕ್ಕೆ ಕೈಹಾಕುವ ಮುನ್ನ ಕಳಾಕರ್ಷಣೆ ಮಾಡಿ, ಮೂಲಮೂರ್ತಿಯ ಕಳೆಯನ್ನು ಕಲಶಕ್ಕೋ ಚಿಕ್ಕ ಬಿಂಬಕ್ಕೋ ಇಳಿಸಿ, ಪಕ್ಕದಲ್ಲಿ ಕಟ್ಟಿದ ಬಾಲಾಲಯದಲ್ಲಿ ಇರಿಸುತ್ತಾರೆ. ಕೆಲಸ ಎರಡು ವರ್ಷ ಹಿಡಿದರೂ ನಿತ್ಯಪೂಜೆ ತಪ್ಪುವುದಿಲ್ಲ; ದೇವರು ಈಗ ಎಲ್ಲಿದ್ದಾನೆ ಎಂಬುದು ಊರಿನ ಮಗುವಿಗೂ ಗೊತ್ತಿರುತ್ತದೆ. ಕಲಾ ಸಂಗ್ರಹಾಲಯ ದೇವಸ್ಥಾನವಲ್ಲ, ಅದರೊಳಗಿನ ಚಿತ್ರಗಳಿಗೆ ಮಂಗಳಾರತಿಯೂ ಬೇಕಿಲ್ಲ. ಆದರೂ ಕಟ್ಟಡ ಮುಚ್ಚಿದಾಗ ಒಳಗಿದ್ದದ್ದು ಎಲ್ಲಿಗೆ ಹೋಯಿತು, ಅದನ್ನು ನೋಡುವ ರೂಢಿ ಎಲ್ಲಿ ಮುಂದುವರಿಯುತ್ತದೆ ಎಂದು ಊರಿಗೆ ತಿಳಿಸುವ ಜವಾಬ್ದಾರಿ ಎರಡಕ್ಕೂ ಒಂದೇ.

2022ರ ಆಗಸ್ಟ್‌ನಲ್ಲಿ ಪ್ರಾಗ್ ನಗರದಲ್ಲಿ ಸೇರಿದ್ದ ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿಯು ಸಂಗ್ರಹಾಲಯಕ್ಕೆ ಹೊಸ ವ್ಯಾಖ್ಯೆಯೊಂದನ್ನು ಒಪ್ಪಿಕೊಂಡಿತು. ಸಮಾಜದ ಸೇವೆಯಲ್ಲಿರುವ, ಲಾಭದ ಉದ್ದೇಶವಿಲ್ಲದ, ಶಾಶ್ವತವಾದ ಸಂಸ್ಥೆ ಎಂದು ಅದು ಹೇಳುತ್ತದೆ. ಸಾರ್ವಜನಿಕರಿಗೆ ತೆರೆದಿರಬೇಕು, ಸಮುದಾಯಗಳ ಪಾಲ್ಗೊಳ್ಳುವಿಕೆಯಿಂದ ನಡೆಯಬೇಕು ಎನ್ನುತ್ತದೆ. ಕಟ್ಟಡ ಎಂಬ ಮಾತು ಅದರಲ್ಲಿ ಎಲ್ಲಿಯೂ ಬರುವುದಿಲ್ಲ.

"ಮುಚ್ಚಿದೆ ಅಂದರೆ ಮುಚ್ಚಿದೆ. ಅದರಲ್ಲಿ ಬೇರೆ ಬೇರೆ ಥರ ಇದೆಯಾ?"

ಇದೆ, ಮತ್ತು ಊರಿನವರು ಮೊದಲು ಕೇಳಿ ತಿಳಿಯಬೇಕಾದದ್ದೂ ಇದನ್ನೇ. ದುರಸ್ತಿಗಾಗಿ ಮುಚ್ಚಿದ ಸಂಗ್ರಹಾಲಯ ಮರಳಿ ತೆರೆಯುತ್ತದೆ: ಮುಂಬೈಯಲ್ಲಿ 1872ರಲ್ಲಿ ಸಾರ್ವಜನಿಕರಿಗೆ ತೆರೆದಿದ್ದ, ಈಗ ಡಾ. ಭಾವು ದಾಜಿ ಲಾಡ್ ಎಂಬ ಹೆಸರಿನ ಸಂಗ್ರಹಾಲಯ 2003ರಿಂದ ಐದು ವರ್ಷ ಮುಚ್ಚಿದ್ದು, 2008ರಲ್ಲಿ ಹಳೆಯ ಬಣ್ಣದ ಚೆಲುವಿನೊಂದಿಗೆ ಮತ್ತೆ ತೆರೆಯಿತು. ವಿಪತ್ತಿನಿಂದ ಮುಚ್ಚುವುದು ಇನ್ನೊಂದು ಬಗೆ. 2020ರಲ್ಲಿ ಕೊರೊನಾ ಕಾಲಕ್ಕೆ ಜಗತ್ತಿನ ಸುಮಾರು ಶೇ. 90ರಷ್ಟು, ಅಂದರೆ 85,000ಕ್ಕೂ ಹೆಚ್ಚು ಸಂಗ್ರಹಾಲಯಗಳು ಒಮ್ಮೆಗೇ ಬಾಗಿಲು ಹಾಕಿದವೆಂದು ಯುನೆಸ್ಕೊ ಲೆಕ್ಕ ಹಾಕಿತು. ಮೂರನೆಯದು ಹಣ ಬತ್ತಿಯೋ ವಾರಸುದಾರರಿಲ್ಲದೆಯೋ ಶಾಶ್ವತವಾಗಿ ಮುಚ್ಚುವುದು.

ನಮ್ಮ ಸೀಮೆಯಲ್ಲಿ ಇವೆಲ್ಲಕ್ಕಿಂತ ಸಾಮಾನ್ಯವಾದದ್ದು ಹೆಸರಿಲ್ಲದ ನಾಲ್ಕನೆಯ ಬಗೆ: ಯಾರೂ ಮುಚ್ಚಿದ್ದೇವೆ ಎಂದು ಹೇಳದ, ಆದರೆ ಬೀಗದ ಕೈ ಯಾರ ಬಳಿ ಇದೆ ಎಂಬುದೂ ತಿಳಿಯದ ಸ್ಥಿತಿ. "ದುರಸ್ತಿಗಾಗಿ ಮುಚ್ಚಲಾಗಿದೆ" ಎಂಬ ದಿನಾಂಕವಿಲ್ಲದ ಹಲಗೆಯೊಂದನ್ನು ನಾನು ಓದಲು ಕಲಿತ ವಯಸ್ಸಿನಲ್ಲಿ ನೋಡಿದ್ದೆ. ಮಗಳನ್ನು ಶಾಲೆಗೆ ಸೇರಿಸುವ ಹೊತ್ತಿಗೆ ಅಕ್ಷರಗಳು ಮಾಸಿ "ದುರಸ್ತಿ" ಎಂಬಷ್ಟೇ ಉಳಿದಿತ್ತು.

"ಕಲೆ, ಗ್ಯಾಲರಿ ಎಲ್ಲ ಬೆಂಗಳೂರಿನವರಿಗೆ. ಕೋಲಾರದ ಟೊಮೆಟೊ ಮಂಡಿಯವರಿಗೆ ಇದರಲ್ಲಿ ಏನಿದೆ?"

ಹೀಗೆ ಕೇಳಿದವರು ಮಂಡಿಯಲ್ಲೇ ದಲ್ಲಾಳಿ ಕೆಲಸ ಮಾಡುವವರು. ಅವರ ಅಂಗಡಿಯ ಗಣಪತಿ ಶಿವಾರಪಟ್ಟಣದ್ದು. ಮಾಲೂರು ತಾಲ್ಲೂಕಿನ ಆ ಊರಿನಲ್ಲಿ ಇಂದಿಗೂ ಬೀದಿಯುದ್ದಕ್ಕೂ ಉಳಿಯ ಸದ್ದು ಕೇಳುತ್ತದೆ. ಅಲ್ಲಿನ ಶಿಲ್ಪಿಗಳು ಕಡೆದ ಮೂರ್ತಿಗಳು ದೂರದೂರದ ದೇವಸ್ಥಾನಗಳಿಗೆ ಹೋಗುತ್ತವೆ. ಕೋಲಾರಮ್ಮನ ಗುಡಿಯಲ್ಲಿ ಚೋಳರ ಕಾಲದ ಶಾಸನಗಳಿವೆ, ಸೋಮೇಶ್ವರನ ಕಲ್ಯಾಣಮಂಟಪದ ಕಂಬಗಳಲ್ಲಿ ವಿಜಯನಗರದ ಕೈಚಳಕವಿದೆ, ಆವಣಿಯಲ್ಲಿ ರಾಮಲಿಂಗೇಶ್ವರನ ಗುಡಿಗಳ ಗುಂಪೇ ಇದೆ, ಕುರುಡುಮಲೆಯಲ್ಲಿ ಆಳೆತ್ತರವನ್ನು ಮೀರಿದ ಗಣಪನಿದ್ದಾನೆ. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಸಂದಿತು. ಇಷ್ಟೆಲ್ಲ ಕಂಡೂ ಕೇಳಿಯೂ ಬೆಳೆದವರಿಗೆ ಕಲೆ ಹೊಸದಲ್ಲ. ಹೊಸದಾಗಿ ಕಾಣುವುದು ಟಿಕೆಟ್ಟು, ಮೌನ ಮತ್ತು ಗಾಜಿನ ಪೆಟ್ಟಿಗೆ. ಸಂಗ್ರಹಾಲಯ ಮುಚ್ಚಿದ ಅವಧಿಯಲ್ಲಿ ಈ ಮೂರೂ ತಾವಾಗಿಯೇ ಪಕ್ಕಕ್ಕೆ ಸರಿಯುವುದರಿಂದ, ತೆರೆದಿದ್ದಾಗ ಒಳಗೆ ಬರಲು ಹಿಂಜರಿದವರ ಬಳಿಗೆ ಹೋಗಲು ಅದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ.

"ಮುಚ್ಚಿದವರು ಊರಿಗೆ ಮೊದಲು ಏನು ಹೇಳಬೇಕು?"

ಲೆಕ್ಕ. ಕಾರ್ಯಕ್ರಮ, ಕಾರ್ಯಾಗಾರ, ಫ್ಲೆಕ್ಸ್ ಎಲ್ಲವೂ ಆಮೇಲೆ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಬೇರೆ ಮಾತಿಲ್ಲ, ಉಳಿದ ಉತ್ತರಗಳೂ ಇಲ್ಲಿಗೇ ಬಂದು ಸೇರುತ್ತವೆ.

ಲೆಕ್ಕ ಎಂದರೆ ಒಟ್ಟು ಎಷ್ಟು ಕೃತಿಗಳಿವೆ, ಒಂದೊಂದೂ ಈಗ ಯಾವ ಕಟ್ಟಡದಲ್ಲಿ ಅಥವಾ ಯಾವ ಊರಿನಲ್ಲಿದೆ, ಯಾವುದು ಯಾರು ಕೊಟ್ಟದ್ದು, ಯಾವುದು ಎರವಲು ತಂದದ್ದು, ಯಾವುದಕ್ಕೆ ಏಟು ಬಿದ್ದಿದೆ ಎಂಬುದನ್ನು ಕನ್ನಡದಲ್ಲಿ ಬರೆದು, ಊರಿನವರು ಓದಲು ಸಿಗುವ ಜಾಗದಲ್ಲಿ, ಉದಾಹರಣೆಗೆ ಸಾರ್ವಜನಿಕ ಗ್ರಂಥಾಲಯದ ಮೇಜಿನ ಮೇಲೆ, ಇಡುವುದು. ದೇವಸ್ಥಾನದ ಒಡವೆಗಳ ಪಟ್ಟಿಯನ್ನು ಹತ್ತು ಜನರ ಮುಂದೆ ಓದಿಸುವ ಪದ್ಧತಿ ನಮ್ಮಲ್ಲಿ ಹೊಸದಲ್ಲ. ಕಳ್ಳತನಕ್ಕೆ ದಾರಿಯಾದೀತು ಎಂಬ ಭಯ ಸಹಜವೇ. ಕೋಣೆಯ ಗುರುತು, ಬೀಗದ ವಿವರ, ಬೆಲೆ ಇವನ್ನು ಬಿಟ್ಟು ಪಟ್ಟಿ ಬರೆಯಬಹುದು. ನಿಜಕ್ಕೂ ಸುಲಭವಾಗಿ ಕಾಣೆಯಾಗುವುದು ಇದೆ ಎಂದೇ ಯಾರಿಗೂ ಗೊತ್ತಿಲ್ಲದ ವಸ್ತು.

ನನಗೆ ಈ ಹಟ ಬಂದದ್ದು ಮನೆಯಿಂದ. ಅಜ್ಜಿಯ ಕಾಲದ ಮೈಸೂರು ಶೈಲಿಯ ಚಿತ್ರವೊಂದನ್ನು ಒಂದು ಸಂಸ್ಥೆ ಪ್ರದರ್ಶನಕ್ಕೆಂದು ಕೇಳಿ ಒಯ್ದಿತ್ತು. ರಸೀದಿ ಕೊಡಲಿಲ್ಲ, ನಾವೂ ಕೇಳಲಿಲ್ಲ. ಅದರ ಕಟ್ಟಡಕ್ಕೆ ಬೀಗ ಬಿದ್ದ ಮೇಲೆ ನಾಲ್ಕು ವರ್ಷ ಅಲೆದಾಡಿ ಪಡೆದುಕೊಂಡಾಗ ಗಾಜು ಒಡೆದಿತ್ತು, ಚಿನ್ನದ ರೇಕಿನ ಉಬ್ಬುಗೆಲಸ ಒಂದು ಮೂಲೆಯಲ್ಲಿ ಉದುರಿತ್ತು. ಚಿತ್ರ ಹಾಳಾದದ್ದಕ್ಕಿಂತ ಆ ನಾಲ್ಕು ವರ್ಷಗಳಲ್ಲಿ ಅದು ಎಲ್ಲಿತ್ತು ಎಂದು ಯಾರಿಗೂ ಹೇಳಲಾಗದೇ ಹೋದದ್ದು ಅಜ್ಜಿಯನ್ನು ಹೆಚ್ಚು ನೋಯಿಸಿತು. ಆಮೇಲೆ ಅದೇ ಸಂಸ್ಥೆಯವರು ಮಕ್ಕಳ ಚಿತ್ರಕಲಾ ಶಿಬಿರಕ್ಕೆ ಕರೆದಾಗ ನಮ್ಮ ಬೀದಿಯಿಂದ ಒಂದು ಮಗುವೂ ಹೋಗಲಿಲ್ಲ.

## ಮುಚ್ಚಿರುವ ದಿನಗಳಲ್ಲಿ

"ಚಿತ್ರಗಳು ಕತ್ತಲೆಯಲ್ಲಿ ಬಿದ್ದಿರುವ ಬದಲು ಊರೂರಿಗೆ ತಂದು ತೋರಿಸಬಾರದೇ?"

ಎಲ್ಲವನ್ನೂ ತರಲಾಗದು, ಅದಕ್ಕೆ ಕಾರಣ ಜಿಪುಣತನವಲ್ಲ, ಬೆಳಕು. ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಕಾಗದದ ಮೇಲಿನ ಜಲವರ್ಣ, ಬಟ್ಟೆ, ತೊಗಲುಬೊಂಬೆಯ ಬಣ್ಣದ ತೊಗಲು ಇವಕ್ಕೆ ಸುಮಾರು 50 ಲಕ್ಸ್‌ಗಿಂತ ಹೆಚ್ಚು ಬೆಳಕು ಬೀಳಬಾರದು, ತೈಲವರ್ಣಕ್ಕೆ 200 ಲಕ್ಸ್ ಸಾಕು ಎಂಬುದು ಸಂರಕ್ಷಕರು ಪಾಲಿಸುತ್ತ ಬಂದ ಅಳತೆ. ನಮ್ಮ ಶಾಲೆಯಂಗಳದ ಏಪ್ರಿಲ್ ಬಿಸಿಲಿನಲ್ಲಿ ಅದು ಲಕ್ಷದ ಹತ್ತಿರ ಇರುತ್ತದೆ. ಮಾಸಿದ ಬಣ್ಣ ಮರಳಿ ಬರುವುದಿಲ್ಲ. ಜೊತೆಗೆ ಗುಂಡಿ ಬಿದ್ದ ರಸ್ತೆಯ ಕುಲುಕಾಟ, ಮಳೆಗಾಲದ ತೇವ, ಗೆದ್ದಲು.

ಗುಡಿಗಳಲ್ಲಿ ಮೂಲಮೂರ್ತಿ ಕದಲುವುದಿಲ್ಲ, ಬೀದಿಗೆ ಬರುವುದು ಉತ್ಸವಮೂರ್ತಿ. ಹಾಗೆಂದು ಉತ್ಸವಮೂರ್ತಿಗೆ ಕೈಮುಗಿಯುವವರು ತಮಗೆ ಮೋಸವಾಯಿತೆಂದು ಅಂದುಕೊಳ್ಳುವುದಿಲ್ಲ. ಒಳ್ಳೆಯ ಪ್ರತಿಗಳಿಂದ ಇದೇ ಕೆಲಸ ಆಗುತ್ತದೆ. ಲಂಡನ್ನಿನ ನ್ಯಾಷನಲ್ ಗ್ಯಾಲರಿ 2007ರಲ್ಲಿ ತನ್ನ ಚಿತ್ರಗಳ ನಿಜಗಾತ್ರದ ಪ್ರತಿಗಳನ್ನು ಚೌಕಟ್ಟು ಹಾಕಿಸಿ ಬೀದಿಗೋಡೆಗಳಿಗೆ ತೂಗುಹಾಕಿತ್ತು. ಡೆಟ್ರಾಯಿಟ್ ಕಲಾ ಸಂಸ್ಥೆ 2010ರಿಂದ ಸುತ್ತಲಿನ ಪಟ್ಟಣಗಳ ಉದ್ಯಾನ, ಅಂಗಡಿ, ಓಣಿಗಳಲ್ಲಿ ಇದನ್ನೇ ಮಾಡಿತು. ಇವೆರಡೂ ಆಗ ಮುಚ್ಚಿರಲಿಲ್ಲ. ಮುಚ್ಚಿದವರಿಗೆ ಈ ಉಪಾಯ ಇನ್ನೂ ಹೆಚ್ಚು ಹೊಂದುತ್ತದೆ. ಮೂಲವಸ್ತುಗಳನ್ನೇ ಒಯ್ಯಬೇಕೆಂದರೆ ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ ವಾಸ್ತು ಸಂಗ್ರಹಾಲಯ 2015ರಿಂದ ನಡೆಸುತ್ತಿರುವ ಬಸ್ಸಿನ ಸಂಗ್ರಹಾಲಯದಂಥ ಏರ್ಪಾಡು ಬೇಕು. ಹವಾನಿಯಂತ್ರಣ, ಗಾಜಿನ ಗೂಡು, ತರಬೇತಾದ ಸಿಬ್ಬಂದಿ ಇಲ್ಲದೆ ಅದು ಸಾಹಸವಾದೀತು. ಕಲ್ಲಿನ ವಿಷಯ ಬೇರೆ. ಬಿಸಿಲು, ಮಳೆಯಲ್ಲಿ ಶತಮಾನ ಕಳೆದ ಗಟ್ಟಿ ವೀರಗಲ್ಲು ತಾಲ್ಲೂಕು ಕಚೇರಿಯ ಪಡಸಾಲೆಯಲ್ಲಿ ಆರು ತಿಂಗಳು ಇದ್ದರೆ ಅದಕ್ಕೆ ಏನೂ ಆಗುವುದಿಲ್ಲ.

"ನಮ್ಮ ಶಾಲೆಗೆ ಬಂದು ಏನು ಮಾಡುತ್ತೀರಿ, ಭಾಷಣವಾ?"

ಭಾಷಣವಿಲ್ಲ. ಒಂದು ಪೀರಿಯಡ್‌ಗೆ ಒಂದೇ ಚಿತ್ರ. ಮೊದಲ ಹತ್ತು ನಿಮಿಷ ಯಾರೂ ಮಾತನಾಡದೆ ನೋಡುವುದು. ಆಮೇಲೆ ಪ್ರತಿಯೊಬ್ಬರೂ ತಮಗೆ ಕಂಡ ಒಂದು ವಸ್ತುವನ್ನು ಹೆಸರಿಸುವುದು, ಈಗಾಗಲೇ ಹೇಳಿದ್ದನ್ನು ಮತ್ತೆ ಹೇಳುವಂತಿಲ್ಲ. ಮೂವತ್ತನೆಯ ಮಗುವಿನ ಹೊತ್ತಿಗೆ ನನಗೂ ಕಾಣದಿದ್ದ ಹಲ್ಲಿ, ಹರಿದ ಸೆರಗು, ಎಡಗೈ ಬಲಗೈ ಅದಲುಬದಲು ಎಲ್ಲ ಹೊರಬರುತ್ತವೆ. ಕೊನೆಗೆ ಚಿತ್ರದ ಹೆಸರು, ಬರೆದವರು, ಕಾಲ, ಮತ್ತು ಮೂಲಚಿತ್ರ ಈಗ ಎಲ್ಲಿದೆ ಎಂಬುದು.

ಭಾಷೆಯ ಬಗ್ಗೆ ಒಂದು ಮಾತು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಮಾತು ತೆಲುಗು ಇರುವ ಮಕ್ಕಳೇ ಹೆಚ್ಚು, ಕೆಜಿಎಫ್‌ನಲ್ಲಿ ತಮಿಳು, ಕೋಲಾರ ಪೇಟೆಯಲ್ಲಿ ಉರ್ದು. ಕಂಡದ್ದನ್ನು ಮನೆಮಾತಿನಲ್ಲೇ ಹೇಳಲು ಬಿಟ್ಟು ಹಲಗೆಯ ಮೇಲೆ ಕನ್ನಡದಲ್ಲಿ ಬರೆದರೆ ತರಗತಿ ನಡೆಯುತ್ತದೆ. ಕನ್ನಡದಲ್ಲೇ ಹೇಳಬೇಕೆಂದು ಮೊದಲ ದಿನ ಪಟ್ಟುಹಿಡಿದು ಅರ್ಧ ತರಗತಿಯ ಬಾಯಿ ಮುಚ್ಚಿಸಿದ್ದು ನನ್ನದೇ ತಪ್ಪು.

"ಎಲ್ಲ ಆನ್‌ಲೈನ್‌ಗೆ ಹಾಕಿದರೆ ಆಯಿತಲ್ಲ?"

ಹಾಕಲಿ, ಹಾಕಲೇಬೇಕು. ಬೆಂಗಳೂರಿನ ಕಸ್ತೂರಬಾ ರಸ್ತೆಯ ಕಲೆ ಮತ್ತು ಛಾಯಾಚಿತ್ರ ಸಂಗ್ರಹಾಲಯ, ಜನರು ಮ್ಯಾಪ್ ಎನ್ನುವುದು ಇದನ್ನೇ, ಕಟ್ಟಡ ತೆರೆಯುವ ಮೊದಲೇ 2020ರ ಡಿಸೆಂಬರ್‌ನಲ್ಲಿ ಅಂತರ್ಜಾಲದಲ್ಲಿ ತೆರೆದುಕೊಂಡಿತು. ಕಟ್ಟಡದ ಬಾಗಿಲು ತೆರೆದದ್ದು 2023ರ ಫೆಬ್ರುವರಿಯಲ್ಲಿ. ಆದರೆ ಅಂತರ್ಜಾಲ ಜಗತ್ತಿಗೆಲ್ಲ ಒಂದೇ ಸಮನಾಗಿ ತೆರೆದಿರುತ್ತದೆ, ಊರಿಗೆಂದು ಅದರಲ್ಲಿ ವಿಶೇಷವೇನೂ ಇಲ್ಲ. ವಾರಕ್ಕೊಂದು ಚಿತ್ರವನ್ನು, ಎರಡು ನಿಮಿಷದ ಕನ್ನಡ ಧ್ವನಿಯೊಂದಿಗೆ, ಊರಿನ ಶಿಕ್ಷಕರ ವಾಟ್ಸ್ಆ್ಯಪ್ ಗುಂಪಿಗೆ ಕಳಿಸುವುದು ದೊಡ್ಡ ಜಾಲತಾಣಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ ಎಂಬುದು ನನ್ನ ಅನುಭವ.

"ಬಾಗಿಲಲ್ಲಿ ಕೂರುತ್ತಿದ್ದ ಕಾವಲಿನವರು ಏನಾಗುತ್ತಾರೆ?"

ಸಾಮಾನ್ಯವಾಗಿ ಅವರನ್ನು ಬೇರೆ ಕಚೇರಿಯ ಬಾಗಿಲಿಗೆ ಕಳಿಸುತ್ತಾರೆ, ಗುತ್ತಿಗೆಯವರಾದರೆ ಮನೆಗೆ. ಇದು ಕೈಯಾರೆ ಮಾಡಿಕೊಳ್ಳುವ ನಷ್ಟ. ಊರಿನವರಿಗೆ ನಿರ್ದೇಶಕರ ಮುಖ ಗೊತ್ತಿರುವುದಿಲ್ಲ, ಬಾಗಿಲಲ್ಲಿ ಕೂತವರ ಮುಖ ಗೊತ್ತಿರುತ್ತದೆ. ಯಾವ ಚಿತ್ರದ ಮುಂದೆ ಮಕ್ಕಳು ನಗುತ್ತಾರೆ, ಯಾರು ಪ್ರತಿ ಅಮಾವಾಸ್ಯೆಗೆ ಬಂದು ಒಂದೇ ಮೂರ್ತಿಯ ಮುಂದೆ ನಿಲ್ಲುತ್ತಾರೆ ಎಂಬುದೆಲ್ಲ ಅವರಿಗಷ್ಟೇ ಗೊತ್ತು. ಶಾಲೆಗೆ ಪ್ರತಿಗಳನ್ನು ಒಯ್ಯುವ ವ್ಯಾನಿನಲ್ಲಿ ಅವರೂ ಬರಬೇಕು. ನಾನು ಕಂಡ ಅತ್ಯುತ್ತಮ ಮಾರ್ಗದರ್ಶಿ ಇಪ್ಪತ್ತು ವರ್ಷ ಕಾವಲು ಕಾಯ್ದವರು. ಅವರ ವಿವರಣೆಯಲ್ಲಿ ಇಸವಿಗಳು ಒಮ್ಮೊಮ್ಮೆ ತಪ್ಪುತ್ತಿದ್ದವು, ಚಿತ್ರಗಳು ತಪ್ಪುತ್ತಿರಲಿಲ್ಲ.

"ದುರಸ್ತಿ ಇಂಜಿನಿಯರ್ ಕೆಲಸ. ಅದರಲ್ಲಿ ಊರಿನವರು ಯಾಕೆ ಮೂಗು ತೂರಿಸಬೇಕು?"

ಆಮ್‌ಸ್ಟರ್ಡ್ಯಾಮಿನ ರೈಕ್ಸ್ ಮ್ಯೂಸಿಯಂ ಕಥೆ ಇದಕ್ಕೆ ಉತ್ತರ. ಅದರ ಮುಖ್ಯ ಕಟ್ಟಡ 2003ರ ಕೊನೆಯಲ್ಲಿ ಮುಚ್ಚಿತು. 2008ಕ್ಕೆ ತೆರೆಯುವ ಅಂದಾಜಿತ್ತು, ತೆರೆದದ್ದು 2013ರ ಏಪ್ರಿಲ್‌ನಲ್ಲಿ. ತಡವಾಗಲು ಕಾರಣ ಹಲವಿದ್ದರೂ ಊರೆಲ್ಲ ಮಾತನಾಡಿಕೊಂಡದ್ದು ಸೈಕಲ್ ದಾರಿಯ ಜಗಳ. ಆ ಕಟ್ಟಡದ ನಡುವೆ ಕಮಾನಿನ ಹಾದಿಯೊಂದಿದೆ. ಜನ ತಲೆಮಾರುಗಳಿಂದ ಅದರೊಳಗೆ ಸೈಕಲ್ ತುಳಿದುಕೊಂಡು ಆಚೆ ಬೀದಿಗೆ ಹೋಗುತ್ತಿದ್ದರು. ವಾಸ್ತುಶಿಲ್ಪಿಗಳು ಮುಖ್ಯ ಪ್ರವೇಶವನ್ನು ಅಲ್ಲಿಗೆ ತಂದು ಸೈಕಲ್ಲಿನ ಜಾಗವನ್ನು ಕಿರಿದು ಮಾಡಲು ಹೊರಟಾಗ ಸೈಕಲ್ ಸವಾರರ ಸಂಘ ಎದ್ದು ನಿಂತಿತು, ನಕ್ಷೆ ಬದಲಾಯಿತು. ಈಗಲೂ ಸೈಕಲ್‌ಗಳು ರೆಂಬ್ರಾಂಟನ ಚಿತ್ರಗಳ ಕೆಳಗೇ ಹಾದುಹೋಗುತ್ತವೆ. ಆ ಹತ್ತು ವರ್ಷಗಳಲ್ಲಿ ಪಕ್ಕದ ಒಂದು ಭಾಗವನ್ನು ಮಾತ್ರ ತೆರೆದಿಟ್ಟು ಮುಖ್ಯವಾದ ಕೃತಿಗಳನ್ನು ಅಲ್ಲಿ ತೋರಿಸುತ್ತಿದ್ದರು. ನಮ್ಮ ಭಾಷೆಯಲ್ಲಿ ಅದೊಂದು ಬಾಲಾಲಯ.

ಇಲ್ಲಿ ಸೈಕಲ್ ದಾರಿ ಇರಲಿಕ್ಕಿಲ್ಲ. ಕಾಂಪೌಂಡಿನ ಹುಣಸೆಮರದ ನೆರಳು, ಬಸ್ಸಿಗೆ ಕಾಯುವ ಜಗಲಿ, ಮೆಟ್ಟಿಲ ಬಳಿ ಹೂ ಮಾರುವವರ ಜಾಗ, ಪರೀಕ್ಷೆಗೆ ಓದುವ ಹುಡುಗರ ವರಾಂಡ ಇರುತ್ತವೆ. ಇವು ನಕ್ಷೆಯಲ್ಲಿ ಕಾಣುವುದಿಲ್ಲ. ಗೋಡೆ ಕೆಡವುವ ಮುನ್ನ ಒಂದು ವಾರ ಬೆಳಗ್ಗೆಯಿಂದ ಸಂಜೆಯವರೆಗೆ ಅಲ್ಲಿ ಕೂತು ಯಾರು ಆ ಜಾಗವನ್ನು ಯಾವುದಕ್ಕೆ ಬಳಸುತ್ತಾರೆಂದು ಬರೆದುಕೊಂಡರೆ ಮುಂದಿನ ಅರ್ಧ ಜಗಳ ತಪ್ಪುತ್ತದೆ.

## ಶಾಶ್ವತವಾಗಿ ಮುಚ್ಚಿದಾಗ

"ಸಂಗ್ರಹವನ್ನೆಲ್ಲ ಬೆಂಗಳೂರಿಗೆ ಸಾಗಿಸಿದರೆ ಅಲ್ಲಾದರೂ ಕ್ಷೇಮವಾಗಿರುತ್ತದೆ. ತಪ್ಪೇನು?"

ಕ್ಷೇಮ ಎನ್ನುವುದು ನಿಜವಾದ ವಾದ, ಅದನ್ನು ತಳ್ಳಿಹಾಕುವಂತಿಲ್ಲ. ಸೋರುವ ಮಾಳಿಗೆಯ ಕೆಳಗೆ ಸ್ವಾಭಿಮಾನಕ್ಕಾಗಿ ಚಿತ್ರಗಳನ್ನು ಕೊಳೆಸುವುದಕ್ಕಿಂತ ಕಳಿಸುವುದೇ ಮೇಲು. ಆದರೆ ಕಳಿಸುವ ರೀತಿಯಲ್ಲಿ ವ್ಯತ್ಯಾಸವಿದೆ.

ಅಮೆರಿಕದ ವುಸ್ಟರ್ ಎಂಬ ಊರಿನಲ್ಲಿ ಉಕ್ಕಿನ ಉದ್ಯಮಿಯೊಬ್ಬರು 1931ರಲ್ಲಿ ತೆರೆದಿದ್ದ ಹಿಗ್ಗಿನ್ಸ್ ಆಯುಧ ಸಂಗ್ರಹಾಲಯ ಹಣ ಸಾಲದೆ 2013ರ ಡಿಸೆಂಬರ್ 31ರಂದು ಮುಚ್ಚಿತು. ಅದರ ಸುಮಾರು 2,000 ಕವಚ, ಖಡ್ಗಗಳು ಅದೇ ಊರಿನ ಕಲಾ ಸಂಗ್ರಹಾಲಯಕ್ಕೆ ಹೋದವು. ನೋಡುವವರು ಬೇರೆ ಬಸ್ಸು ಹತ್ತಿದರೆ ಸಾಕಾಯಿತು. ವಾಷಿಂಗ್ಟನ್ನಿನ ಕಾರ್ಕೊರನ್ ಗ್ಯಾಲರಿ 1869ರಲ್ಲಿ ಸ್ಥಾಪನೆಯಾದದ್ದು. ಅದನ್ನು 2014ರಲ್ಲಿ ವಿಸರ್ಜಿಸಲು ಹೊರಟಾಗ ವಿದ್ಯಾರ್ಥಿಗಳೂ ಸಿಬ್ಬಂದಿಯೂ ನ್ಯಾಯಾಲಯದಲ್ಲಿ ವಿರೋಧಿಸಿದರು, ಗೆಲ್ಲಲಿಲ್ಲ. ಅದರ ಕಲಾಶಾಲೆಯೂ ಕಟ್ಟಡವೂ ಒಂದು ವಿಶ್ವವಿದ್ಯಾಲಯಕ್ಕೆ ಸೇರಿದವು, ಚಿತ್ರಗಳನ್ನು ಮೊದಲು ಆರಿಸಿಕೊಳ್ಳುವ ಅವಕಾಶ ಅದೇ ನಗರದ ನ್ಯಾಷನಲ್ ಗ್ಯಾಲರಿಗೆ ಸಿಕ್ಕಿತು, ಉಳಿದವುಗಳಲ್ಲಿ ಸುಮಾರು 9,000 ಕೃತಿಗಳು 2018ರಲ್ಲಿ ಇನ್ನೊಂದು ವಿಶ್ವವಿದ್ಯಾಲಯಕ್ಕೆ ಹೋದವು. ಬಹುಪಾಲು ಕೃತಿಗಳು ಅದೇ ನಗರದಲ್ಲೇ ಉಳಿದವಾದರೂ ಒಂದೇ ಸೂರಿನ ಕೆಳಗೆ ಅವನ್ನು ನೋಡುತ್ತಿದ್ದವರಿಗೆ ಸಂಗ್ರಹವೆಂಬುದು ಇಲ್ಲವಾಯಿತು.

ಕೋಲಾರದಿಂದ ಬೆಂಗಳೂರಿಗೆ ಎಪ್ಪತ್ತು ಕಿಲೋಮೀಟರ್ ಆಸುಪಾಸು. ದೂರ ದೊಡ್ಡದಲ್ಲ, ಆದರೆ ಒಂದು ದಿನದ ಕೂಲಿ ಬಿಟ್ಟು ಹೋಗುವವರು ಯಾರು? ಹಾಗಾಗಿ ಕಳಿಸುವುದೇ ಆದರೆ ಕರಾರಿನಲ್ಲಿ ಮೂರು ಮಾತು ಬರೆಸಿಕೊಳ್ಳಬೇಕೆಂದು ನನ್ನ ಸಲಹೆ: ಪ್ರತಿ ಫಲಕದಲ್ಲೂ ಮೂಲ ಊರಿನ ಹೆಸರು ಇರಬೇಕು, ವರ್ಷದಲ್ಲಿ ಇಂತಿಷ್ಟು ದಿನ ಆಯ್ದ ಕೃತಿಗಳು ಊರಿಗೆ ಬರಬೇಕು, ಇಲ್ಲಿನ ಶಾಲಾಮಕ್ಕಳಿಗೆ ಅಲ್ಲಿ ಟಿಕೆಟ್ ಇರಬಾರದು.

"ಕೆಜಿಎಫ್ ಗಣಿ ಮುಚ್ಚಿದ್ದನ್ನು ಯಾಕೆ ಯಾವಾಗಲೂ ಉದಾಹರಣೆ ಕೊಡುತ್ತೀರಿ? ಅದು ಮ್ಯೂಸಿಯಂ ಅಲ್ಲವಲ್ಲ?"

ಅಲ್ಲ. ಆದರೆ ನಮ್ಮ ಜಿಲ್ಲೆಯಲ್ಲಿ ಮುಚ್ಚುವುದು ಎಂದರೇನು ಎಂದು ಬಲ್ಲವರು ಅಲ್ಲಿದ್ದಾರೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಗೆತ್ತಿಕೊಂಡ, 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಪಡೆದ, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದವು. ಅಂದಿನಿಂದ ಊರಿನ ಬಹಳ ಜನ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಮರಳುತ್ತಾರೆ. ಗಣಿಯ ಲೆಕ್ಕಪತ್ರದಲ್ಲಿ ಇಲ್ಲದ ಸಂಗ್ರಹವೊಂದು ಮಾತ್ರ ಮನೆಮನೆಯಲ್ಲಿ ಉಳಿದಿದೆ: ತಾತನ ತಲೆದೀಪ, ಗುಂಪು ಫೋಟೊ, ಬ್ಯಾಂಡಿನ ಸಮವಸ್ತ್ರ, ಗಣಿಯ ತ್ಯಾಜ್ಯ ಸುರಿದು ಬೆಳೆದ ಸೈನೈಡ್ ದಿಬ್ಬದ ಮುಂದೆ ನಿಂತು ತೆಗೆಸಿಕೊಂಡ ಮದುವೆಯ ಚಿತ್ರ. ಕಟ್ಟಡವಿಲ್ಲದ ಸಂಗ್ರಹಾಲಯ ಎಲ್ಲಿಂದ ಶುರುವಾಗಬೇಕು ಎಂದು ಕೇಳಿದವರಿಗೆ ನಾನು ತೋರಿಸುವುದು ಇದನ್ನು. ವಸ್ತುಗಳನ್ನು ಕಿತ್ತು ತರಬೇಕಾಗಿಲ್ಲ. ಮನೆಯಲ್ಲೇ ಇರಲಿ, ಫೋಟೊ ತೆಗೆದು, ಹೇಳುವವರ ಮಾತನ್ನು ಅವರ ತಮಿಳಿನಲ್ಲೋ ತೆಲುಗಿನಲ್ಲೋ ಧ್ವನಿಮುದ್ರಿಸಿ, ಪಟ್ಟಿಯಲ್ಲಿ ಸೇರಿಸಿದರೆ ಸಾಕು.

## ದಾನ, ಮಾರಾಟ, ಕಾನೂನು

"ನಮ್ಮ ತಾತ ಕೊಟ್ಟ ಚಿತ್ರ. ಈಗ ಬಾಗಿಲು ಹಾಕಿದ್ದಾರೆ. ವಾಪಸು ಕೊಡಿ ಅನ್ನಬಹುದಾ?"

ತಾತ ಕೊಟ್ಟದ್ದು ದಾನವೋ ಎರವಲೋ ಎಂಬುದರ ಮೇಲೆ ಉತ್ತರ ನಿಂತಿದೆ. ಎರವಲಾದರೆ ಒಡೆತನ ಮನೆಯವರದೇ, ಕೇಳಬಹುದು. ದಾನವಾದರೆ, ಪತ್ರದಲ್ಲಿ ಷರತ್ತು ಬರೆಯದೇ ಇದ್ದಲ್ಲಿ, ಸಾಮಾನ್ಯವಾಗಿ ಮರಳಿ ಬರುವುದಿಲ್ಲ. ಪತ್ರವೇ ಇಲ್ಲದಿದ್ದರೆ ಅಂದಿನ ಪತ್ರಿಕೆಯ ಸುದ್ದಿ, ಸಮಾರಂಭದ ಫೋಟೊ, ಸಂಸ್ಥೆಯ ದಾಖಲೆ ಪುಸ್ತಕದ ನಮೂದು ಹುಡುಕಬೇಕು.

ಷರತ್ತು ಎಷ್ಟು ಗಟ್ಟಿ ನಿಲ್ಲುತ್ತದೆ ಎಂಬುದಕ್ಕೆ ಗ್ಲಾಸ್ಗೊ ನಗರ ಸಾಕ್ಷಿ. ವಿಲಿಯಂ ಬರ್ರೆಲ್ ಎಂಬವರು 1944ರಲ್ಲಿ ಸಾವಿರಾರು ಕೃತಿಗಳನ್ನು ಆ ನಗರಕ್ಕೆ ಕೊಟ್ಟಾಗ ಅವು ಹಡಗು ಹತ್ತಿ ಹೊರದೇಶಕ್ಕೆ ಹೋಗಕೂಡದು ಎಂಬ ಆಶಯವನ್ನೂ ಬರೆದಿಟ್ಟಿದ್ದರು. ಕಟ್ಟಡದ ಮಾಳಿಗೆ ಸೋರಿ 2016ರಿಂದ 2022ರವರೆಗೆ ಮುಚ್ಚಬೇಕಾಯಿತು; ಮುಚ್ಚುವ ಮೊದಲೇ ಕೃತಿಗಳನ್ನು ಹೊರದೇಶಗಳಲ್ಲಿ ತೋರಿಸುವ ಯೋಚನೆ ಹೊಳೆದಿತ್ತು. ಆದರೆ ಅದಕ್ಕಾಗಿ 2014ರಲ್ಲೇ ಸ್ಕಾಟ್ಲೆಂಡಿನ ಸಂಸತ್ತು ಪ್ರತ್ಯೇಕ ಕಾಯ್ದೆ ಮಾಡಬೇಕಾಯಿತು. ಸತ್ತ ದಾನಿಯ ಮಾತನ್ನು ಮೀರಲು ಅಷ್ಟು ಮಾಡಬೇಕಾಯಿತು ಎನ್ನುವುದು ನನಗೆ ಮೆಚ್ಚುಗೆಯಾದ ಸಂಗತಿ.

"ಸಾಲ ತೀರಿಸಲು ನಾಲ್ಕು ಚಿತ್ರ ಮಾರಿದರೆ ಮ್ಯೂಸಿಯಂ ಉಳಿಯುತ್ತದೆ ಅಂತಾರೆ. ಸರಿಯಾ?"

ಅಮೆರಿಕದ ಪಿಟ್ಸ್‌ಫೀಲ್ಡ್ ಪಟ್ಟಣದ ಬರ್ಕ್‌ಶೈರ್ ಸಂಗ್ರಹಾಲಯ 2017ರಲ್ಲಿ 40 ಕೃತಿಗಳನ್ನು ಹರಾಜಿಗಿಡಲು ಹೊರಟಿತು. ಅವುಗಳಲ್ಲಿ ನಾರ್ಮನ್ ರಾಕ್‌ವೆಲ್ ಎಂಬ ಕಲಾವಿದ ತಾನೇ ಆ ಊರಿಗೆಂದು ಕೊಟ್ಟ ಚಿತ್ರಗಳೂ ಇದ್ದವು. ಕಲಾವಿದನ ಮಕ್ಕಳೂ ಊರಿನವರೂ ನ್ಯಾಯಾಲಯಕ್ಕೆ ಹೋದರು, 2018ರಲ್ಲಿ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು. ಸಂಗ್ರಹಾಲಯ ಉಳಿಯಿತು, ಊರು ಎರಡಾಯಿತು. ಮಾರಿದ ಹಣ ಸಂಗ್ರಹಕ್ಕೇ ಸಲ್ಲಬೇಕು, ಸಂಬಳಕ್ಕೂ ಸಾಲಕ್ಕೂ ಅಲ್ಲ ಎಂಬುದು ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿಯ ನೀತಿಸಂಹಿತೆಯ ನಿಲುವು. ನನ್ನ ನಿಲುವೂ ಅದೇ.

ನಮ್ಮಲ್ಲಿ 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯನ್ನೂ ನೋಡಬೇಕು. ನೂರು ವರ್ಷ ದಾಟಿದ ಶಿಲ್ಪ, ಚಿತ್ರಗಳು ಪುರಾತನ ವಸ್ತುಗಳು. ನೋಂದಾಯಿತ ವಸ್ತುವಿನ ಒಡೆತನ ಬದಲಾದರೆ ನೋಂದಣಾಧಿಕಾರಿಗೆ ತಿಳಿಸಬೇಕು, ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ರಾಜಾ ರವಿವರ್ಮ, ಅಮೃತಾ ಶೇರ್‌ಗಿಲ್, ಜಾಮಿನಿ ರಾಯ್, ನಂದಲಾಲ್ ಬೋಸ್ ಮೊದಲಾದವರ ಕೃತಿಗಳು ಕಲಾ ನಿಧಿಗಳಾಗಿರುವುದರಿಂದ ಅವನ್ನೂ ಹಾಗೆ ಹೊರಗೆ ಸಾಗಿಸುವಂತಿಲ್ಲ.

"ಟ್ರಸ್ಟಿನವರು ಯಾರಿಗೂ ಲೆಕ್ಕ ಕೊಡುತ್ತಿಲ್ಲ. ಸಾಮಾನ್ಯ ಜನ ಏನು ಮಾಡಬಹುದು?"

ಸರ್ಕಾರಿ ಸಂಗ್ರಹಾಲಯವಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೃತಿಗಳ ಪಟ್ಟಿ, ಮುಚ್ಚಿದ ಆದೇಶ, ದುರಸ್ತಿಯ ಅಂದಾಜು ಇವುಗಳ ಪ್ರತಿ ಕೇಳಬಹುದು. "ಯಾವಾಗ ತೆರೆಯುತ್ತೀರಿ" ಎಂದು ಕೇಳಿದರೆ ಜಾರಿಕೆಯ ಉತ್ತರ ಬರುತ್ತದೆ. ದಾಖಲೆಯ ಹೆಸರು ಹಿಡಿದು ಕೇಳಬೇಕು. ಸಾರ್ವಜನಿಕ ದತ್ತಿಯ ಟ್ರಸ್ಟ್ ಆಗಿದ್ದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಕಲಮಿನಂತೆ ಹಿತಾಸಕ್ತಿಯುಳ್ಳ ಇಬ್ಬರು ಅಥವಾ ಹೆಚ್ಚು ಜನ ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಿ, ಲೆಕ್ಕ ಒಪ್ಪಿಸುವಂತೆ, ಟ್ರಸ್ಟಿಗಳನ್ನು ಬದಲಿಸುವಂತೆ ಅಥವಾ ಆಡಳಿತಕ್ಕೆ ಹೊಸ ಯೋಜನೆ ರೂಪಿಸುವಂತೆ ಕೋರಬಹುದು. ವಕೀಲರನ್ನು ಕಾಣುವ ಮುನ್ನ ಸಹಿ ಸಂಗ್ರಹಿಸಿ ಪತ್ರ ಬರೆಯುವುದು, ಕಲಾವಿದರು ಸೇರಿ ಬಾಗಿಲಲ್ಲಿ ನಿಲ್ಲುವುದು ಇವೂ ನಡೆದಿವೆ: ಬೆಂಗಳೂರಿನ ವೆಂಕಟಪ್ಪ ಕಲಾ ಗ್ಯಾಲರಿಯನ್ನು ಖಾಸಗಿ ಪ್ರತಿಷ್ಠಾನಕ್ಕೆ ಒಪ್ಪಿಸುವ ಪ್ರಸ್ತಾಪದ ವಿರುದ್ಧ 2016ರಲ್ಲಿ ಕಲಾವಿದರು ಬೀದಿಗಿಳಿದದ್ದು ಅನೇಕರಿಗೆ ನೆನಪಿರಬಹುದು.

"ಚಿತ್ರದ ಪ್ರತಿ ಮಾಡಿಸಿ ಶಾಲೆಯಲ್ಲಿ ಹಾಕಲು ಯಾರನ್ನು ಕೇಳಬೇಕು?"

ಚಿತ್ರದ ಒಡೆತನ ಬೇರೆ, ಅದರ ಕೃತಿಸ್ವಾಮ್ಯ ಬೇರೆ. ಭಾರತದಲ್ಲಿ ಕಲಾವಿದರು ತೀರಿಕೊಂಡ ಮುಂದಿನ ವರ್ಷದಿಂದ ಅರವತ್ತು ವರ್ಷ ಕೃತಿಸ್ವಾಮ್ಯ ಇರುತ್ತದೆ. ಕೆ. ವೆಂಕಟಪ್ಪನವರು 1965ರಲ್ಲಿ ತೀರಿಕೊಂಡರು, ಹಾಗಾಗಿ ಅವರ ಬದುಕಿನ ಕಾಲದಲ್ಲೇ ಬೆಳಕು ಕಂಡ ಚಿತ್ರಗಳಿಗೆ ಆ ಅವಧಿ 2025ರ ಕೊನೆಯವರೆಗಷ್ಟೇ. ಬದುಕಿರುವ ಕಲಾವಿದರಾದರೆ ಅವರನ್ನೇ ಕೇಳಿ. ಶಾಲೆಗೆಂದರೆ ಇಲ್ಲವೆಂದವರನ್ನು ನಾನು ಇನ್ನೂ ಕಂಡಿಲ್ಲ.

"ಮತ್ತೆ ತೆರೆಯುವ ದಿನ ಮೊದಲು ಯಾರನ್ನು ಕರೆಯಬೇಕು?"

ಗಣ್ಯರಿಗೆ ಇನ್ನೊಂದು ದಿನ ಇಟ್ಟುಕೊಳ್ಳಿ. ಮೊದಲ ದಿನ ವಸ್ತು ಕೊಟ್ಟ ಮನೆಯವರು, ಎರವಲು ಕೊಟ್ಟವರು, ಶಿವಾರಪಟ್ಟಣದ ಶಿಲ್ಪಿಗಳು, ಪ್ರತಿಗಳನ್ನು ನೋಡಿದ್ದ ಶಾಲೆಗಳ ಮಕ್ಕಳು, ಬಾಗಿಲಲ್ಲಿ ಕೂರುತ್ತಿದ್ದವರು ಬರಲಿ. ಆ ಮಕ್ಕಳು ಪ್ರತಿಯಲ್ಲಿ ಕಂಡಿದ್ದ ಹಲ್ಲಿಯನ್ನು ಮೂಲಚಿತ್ರದಲ್ಲಿ ಹುಡುಕಿಕೊಂಡು ಓಡುತ್ತಾರೆ, ಓಡಬೇಡಿ ಎಂದು ಯಾರೂ ಗದರದಿರಲಿ. ಮುಚ್ಚಿದ ದಿನ ಬರೆದ ಪಟ್ಟಿ ಬಾಗಿಲ ಬಳಿ ಮೇಜಿನ ಮೇಲಿರಲಿ, ಪಕ್ಕದಲ್ಲಿ ಒಂದು ಪೆನ್ನು. ತಮ್ಮ ಮನೆಯ ವಸ್ತು ಕಂಡಿತೆಂದೋ ಕಾಣಲಿಲ್ಲವೆಂದೋ ಅದರಲ್ಲಿ ಬರೆಯುವುದು ಬಂದವರಿಗೆ ಬಿಟ್ಟದ್ದು.